ಕಳಚಿಟ್ಟ ಡಿಸ್ಕಿಗೆ ಬೀಗ ಬೀಳುವುದಿಲ್ಲ: ಮನೆ ಕಂಪ್ಯೂಟರಿನ ಬ್ಯಾಕಪ್ ಹೇಗಿರಬೇಕು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳನ್ನು ನಿಲ್ಲಿಸಿತು. ಅಂದು ಯಾರ ಕಂಪ್ಯೂಟರೂ ಕೆಟ್ಟು ನಿಲ್ಲಲಿಲ್ಲ. ತಿಪಟೂರಿನ ಕೊಬ್ಬರಿ ವ್ಯಾಪಾರಿಯ ಲೆಕ್ಕದ ಯಂತ್ರ, ಕೋಲಾರದ ಟೊಮೆಟೊ ಮಂಡಿಯವರ ಮನೆಯ ಲ್ಯಾಪ್‌ಟಾಪ್, ಶಿಡ್ಲಘಟ್ಟದಲ್ಲಿ ಮದುವೆ ಆಲ್ಬಂ ಮಾಡಿಕೊಡುವ ಸ್ಟುಡಿಯೊದ ಕಂಪ್ಯೂಟರ್, ಕೊರೊನಾ ಕಾಲದಲ್ಲಿ ಮಕ್ಕಳ ಆನ್‌ಲೈನ್ ಪಾಠಕ್ಕೆಂದು ತುಮಕೂರಿನ ಎಷ್ಟೋ ಮನೆಗಳಿಗೆ ಬಂದ ಹಳೆಯ ಡೆಸ್ಕ್‌ಟಾಪ್, ಎಲ್ಲವೂ ಮರುದಿನ ಎಂದಿನಂತೆಯೇ ಚಾಲೂ ಆದವು. ಆದ್ದರಿಂದಲೇ ಈ ಬದಲಾವಣೆ ಬಹುಪಾಲು ಜನರ ಗಮನಕ್ಕೆ ಬರಲಿಲ್ಲ.

ಅಪ್‌ಡೇಟ್ ನಿಂತಿತು ಎಂದರೆ, ಇನ್ನು ಮುಂದೆ ವಿಂಡೋಸ್ 10ರಲ್ಲಿ ಯಾವ ಹೊಸ ದೋಷ ಪತ್ತೆಯಾದರೂ ಅದನ್ನು ಮುಚ್ಚುವ ಕೆಲಸ ತಾನಾಗಿ ನಡೆಯುವುದಿಲ್ಲ. ಹೆಸರು ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಮಾತ್ರ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ವಿನಾಯಿತಿ ಇದೆ. ಹೊಸ ಕಂಪ್ಯೂಟರ್ ಕೊಳ್ಳಬೇಕೋ ಬೇಡವೋ ಎಂಬುದು ಅವರವರ ಜೇಬಿಗೆ ಬಿಟ್ಟದ್ದು. ಯಂತ್ರ ಹೊಸದಿರಲಿ, ಹಳೆಯದಿರಲಿ, ಅದರೊಳಗಿನ ಮಾಹಿತಿಯನ್ನು ಉಳಿಸಿಕೊಳ್ಳುವ ಉಪಾಯ ಒಂದೇ. ಅದೇ ಬ್ಯಾಕಪ್, ಅಂದರೆ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆಡೆ ಇಡುವುದು. ಬ್ಯಾಕಪ್ ಎಂದು ನಾವು ನಂಬಿಕೊಂಡಿರುವ ಎಷ್ಟೋ ಏರ್ಪಾಟುಗಳು ಸೈಬರ್ ದಾಳಿಯ ಮುಂದೆ ನಿಲ್ಲುವುದಿಲ್ಲ. ಏಕೆ ನಿಲ್ಲುವುದಿಲ್ಲ ಎಂಬುದು ತಿಳಿಯಬೇಕಾದರೆ ದಾಳಿ ನಡೆಯುವ ಬಗೆಯನ್ನು ಮೊದಲು ನೋಡಬೇಕು.

ಬೀಗ ಬೀಳುವುದು ಹೇಗೆ?

ಬೆಳಿಗ್ಗೆ ಕಂಪ್ಯೂಟರ್ ಹಾಕಿ ಫೋಟೊಗಳ ಫೋಲ್ಡರ್ ತೆರೆಯುತ್ತೀರಿ. ಮಗಳ ನಾಮಕರಣದ ಚಿತ್ರಗಳ ಬದಲು ಸಾಲು ಸಾಲು ಬಿಳಿ ಕಾಗದದ ಗುರುತುಗಳು. ಹೆಸರುಗಳೇನೋ ಅವೇ; ಆದರೆ ಪ್ರತಿ ಹೆಸರಿನ ಕೊನೆಯಲ್ಲಿ 'ಜೆಪಿಜಿ' ಆದಮೇಲೆ ಇನ್ನೊಂದು ಚುಕ್ಕಿ, ಅದರ ಮುಂದೆ ಅರ್ಥವಿಲ್ಲದ ನಾಲ್ಕು ಅಕ್ಷರ. ಒತ್ತಿದರೆ ತೆರೆಯುವುದಿಲ್ಲ. ಅದೇ ಫೋಲ್ಡರಿನಲ್ಲಿ ನೀವು ಇಡದ ಒಂದು ಪಠ್ಯ ಕಡತವಿರುತ್ತದೆ. 'ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಕೀಲಿ ಕೊಡುತ್ತೇವೆ' ಎಂಬುದು ಅದರ ಸಾರ. ಮನೆ ಬಳಕೆದಾರರನ್ನೇ ಹೆಚ್ಚಾಗಿ ಕಾಡಿರುವ 'ಸ್ಟಾಪ್' ಎಂಬ ಕುಲದ ದಾಳಿಯಲ್ಲಿ ಕೇಳುತ್ತಿದ್ದ ಮೊತ್ತ 980 ಡಾಲರ್. 72 ಗಂಟೆಯೊಳಗೆ ಸಂಪರ್ಕಿಸಿದರೆ ಅರ್ಧಕ್ಕೆ ಇಳಿಸುವ ಆಮಿಷವೂ ಇರುತ್ತಿತ್ತು. ಸುಲಿಗೆಗೂ ರಿಯಾಯಿತಿ!

ಹೀಗೆ ಕಡತಗಳನ್ನು ಒತ್ತೆಯಿಟ್ಟುಕೊಂಡು ಹಣ ಕೀಳುವ ಕುತಂತ್ರಾಂಶಕ್ಕೆ ರ‍್ಯಾನ್ಸಮ್‌ವೇರ್ ಎಂದು ಹೆಸರು. ಇದು ನಿನ್ನೆ ಮೊನ್ನೆಯದಲ್ಲ. 1989ರಲ್ಲೇ ಏಡ್ಸ್ ಕುರಿತ ಮಾಹಿತಿಯ ಹೆಸರಿನಲ್ಲಿ ಅಂಚೆಯ ಮೂಲಕ ಫ್ಲಾಪಿಗಳನ್ನು ಹಂಚಿ, ಕಂಪ್ಯೂಟರನ್ನು ಅಡ್ಡಗಟ್ಟಿ, 189 ಡಾಲರನ್ನು ಪನಾಮಾದ ಅಂಚೆಪೆಟ್ಟಿಗೆಗೆ ಕಳಿಸುವಂತೆ ಕೇಳಿದ್ದ ಪ್ರಕರಣ ನಡೆದಿತ್ತು. ಆ ಬೀಗವನ್ನು ತಜ್ಞರು ಬಿಚ್ಚಿದರು. ಇಂದಿನದನ್ನು ಸಾಮಾನ್ಯವಾಗಿ ಬಿಚ್ಚಲು ಆಗುವುದಿಲ್ಲ, ಅದಕ್ಕೆ ಕಾರಣ ಗಣಿತ.

ಈಗಿನ ರ‍್ಯಾನ್ಸಮ್‌ವೇರ್ ನಿಮ್ಮ ಕಡತವನ್ನು ಅಳಿಸುವುದಿಲ್ಲ. ಅದರ ಒಳಗಿನ ಅಂಕಿಗಳನ್ನು ಒಂದು ರಹಸ್ಯ ಸಂಖ್ಯೆಯ ನೆರವಿನಿಂದ ಕಲಸಿ ಬರೆಯುತ್ತದೆ. ಇದಕ್ಕೆ ಗೂಢಲಿಪೀಕರಣ ಎನ್ನುತ್ತಾರೆ. ಆ ರಹಸ್ಯ ಸಂಖ್ಯೆಯೇ ಕೀಲಿ. ಕಲಸುವ ಕೀಲಿಯನ್ನು ಮತ್ತೊಂದು ಬಗೆಯ ಕೀಲಿಯಿಂದ ಮುಚ್ಚಲಾಗುತ್ತದೆ. ಈ ಎರಡನೆಯದು ಜೋಡಿ ಕೀಲಿ: ಒಂದರಿಂದ ಮುಚ್ಚಿದ್ದನ್ನು ಇನ್ನೊಂದರಿಂದ ಮಾತ್ರ ತೆರೆಯಬಹುದು. ಮುಚ್ಚುವ ಕೀಲಿ ನಿಮ್ಮ ಕಂಪ್ಯೂಟರಿಗೆ ಬರುತ್ತದೆ, ತೆರೆಯುವ ಕೀಲಿ ದಾಳಿಕೋರನ ಬಳಿಯಲ್ಲೇ ಉಳಿಯುತ್ತದೆ. ಹೀಗಾಗಿ ನಿಮ್ಮ ಯಂತ್ರವನ್ನು ಎಷ್ಟು ಜಾಲಾಡಿದರೂ ಬಿಚ್ಚುವ ಕೀಲಿ ಅಲ್ಲಿ ಸಿಗುವುದಿಲ್ಲ. ತುಮಕೂರಿನ ಬಿ.ಎಚ್. ರಸ್ತೆಯ ರಿಪೇರಿ ಅಂಗಡಿಯಾಗಲಿ ಬೆಂಗಳೂರಿನ ದೊಡ್ಡ ಕಂಪನಿಯಾಗಲಿ, 'ಒಂದು ದಿನ ಬಿಟ್ಟುಹೋಗಿ, ಎಲ್ಲ ಬಿಚ್ಚಿಕೊಡುತ್ತೇವೆ' ಎಂದರೆ ನಂಬುವ ಮೊದಲು ಇದನ್ನು ನೆನಪಿಡಬೇಕು.

ಒಳಗೆ ಬರುವ ದಾರಿಗಳು ಹಲವು. ಮನೆಗಳ ಮಟ್ಟಿಗೆ ದೊಡ್ಡ ಹೆಬ್ಬಾಗಿಲು ಒಂದೇ: ಹಣ ಕೊಡದೆ ಪಡೆದ ಪೈರೇಟೆಡ್ ತಂತ್ರಾಂಶ. ಫೋಟೊ ತಿದ್ದುವ ದುಬಾರಿ ತಂತ್ರಾಂಶದ 'ಕ್ರ್ಯಾಕ್', ಆಫೀಸ್ ಚಾಲೂ ಮಾಡುವ 'ಆ್ಯಕ್ಟಿವೇಟರ್' ಇವುಗಳನ್ನು ಹಾಕುವಾಗ 'ಆ್ಯಂಟಿವೈರಸ್ ಆಫ್ ಮಾಡಿ' ಎಂಬ ಸೂಚನೆ ಇರುತ್ತದಲ್ಲ, ನಾವಾಗಿಯೇ ಕಾವಲುಗಾರನನ್ನು ಮನೆಗೆ ಕಳಿಸುವುದು ಆಗಲೇ. ಇನ್ನೊಂದು ದಾರಿ ಇಮೇಲ್. ವಿಂಡೋಸ್ ಕಡತದ ಹೆಸರಿನ ಕೊನೆಯ ತುಂಡನ್ನು ಸಾಮಾನ್ಯವಾಗಿ ಮರೆಮಾಡುತ್ತದೆ. 'ಬಿಲ್.ಪಿಡಿಎಫ್.ಇಎಕ್ಸ್ಇ' ಎಂಬ ಕಡತ ಪರದೆಯ ಮೇಲೆ 'ಬಿಲ್.ಪಿಡಿಎಫ್' ಎಂದಷ್ಟೇ ಕಾಣಿಸಿಕೊಳ್ಳುತ್ತದೆ. ಪಿಡಿಎಫ್ ಎಂದುಕೊಂಡು ಒತ್ತಿದ್ದು ಅಸಲಿಗೆ ಒಂದು ಪ್ರೋಗ್ರಾಂ.

ಮೂರನೆಯ ದಾರಿಯಲ್ಲಿ ನೀವು ಏನನ್ನೂ ಒತ್ತಬೇಕಾಗಿಲ್ಲ. 2017ರ ಮೇ 12ರಂದು ಹರಡಲು ಶುರುವಾದ 'ವಾನ್ನಾಕ್ರೈ' ಸುಮಾರು 150 ದೇಶಗಳನ್ನು ಮುಟ್ಟಿತು. ಅದು ಬಳಸಿದ ವಿಂಡೋಸ್ ದೋಷವನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲೇ ಅಪ್‌ಡೇಟ್ ಮೂಲಕ ಸರಿಪಡಿಸಿತ್ತು. ಏಟು ತಿಂದವರು ಅಪ್‌ಡೇಟ್ ಹಾಕಿಕೊಳ್ಳದವರು ಮತ್ತು ಅಪ್‌ಡೇಟ್ ನಿಂತುಹೋದ ಹಳೆಯ ವಿಂಡೋಸ್ ಇಟ್ಟುಕೊಂಡಿದ್ದವರು. ವಿಂಡೋಸ್ 10ರ ಅಪ್‌ಡೇಟ್ ನಿಂತ ಸುದ್ದಿ ಮನೆಯವರಿಗೂ ಮುಖ್ಯ ಎನ್ನುವುದು ಇದೇ ಕಾರಣಕ್ಕೆ.

ಒಳಹೊಕ್ಕ ಮೇಲೆ ರ‍್ಯಾನ್ಸಮ್‌ವೇರ್ ಮಾಡುವ ಕೆಲಸದಲ್ಲೇ ಬ್ಯಾಕಪ್ಪಿನ ಪಾಠವಿದೆ. ಅದು ವಿಂಡೋಸನ್ನು ಕೆಡಿಸಲು ಹೋಗುವುದಿಲ್ಲ, ಕೆಡಿಸಿದರೆ ನೀವು ಬೆದರಿಕೆ ಪತ್ರ ಓದುವುದು ಹೇಗೆ? ಸಿ, ಡಿ, ಇ ಎಂದು ಅಕ್ಷರವಿರುವ ಪ್ರತಿ ಡ್ರೈವನ್ನೂ ಹೊಕ್ಕು ಫೋಟೊ, ವಿಡಿಯೊ, ವರ್ಡ್, ಎಕ್ಸೆಲ್, ಲೆಕ್ಕದ ಕಡತಗಳನ್ನು ಹುಡುಕುತ್ತದೆ. ಆ ಹೊತ್ತಿನಲ್ಲಿ ಚುಚ್ಚಿರುವ ಪೆನ್ ಡ್ರೈವ್, ಹೊರಗಿನ ಹಾರ್ಡ್ ಡಿಸ್ಕ್, ಮನೆಯ ನೆಟ್‌ವರ್ಕಿನಲ್ಲಿ ಹಂಚಿಕೊಂಡ ಫೋಲ್ಡರ್ ಯಾವುದನ್ನೂ ಬಿಡುವುದಿಲ್ಲ. ವಿಂಡೋಸ್ ತನ್ನಷ್ಟಕ್ಕೆ ಇಟ್ಟುಕೊಂಡಿರುವ ಹಳೆಯ ನೆರಳು ಪ್ರತಿಗಳನ್ನೂ ಹುಡುಕಿ ಅಳಿಸುತ್ತದೆ. ಕಂಪ್ಯೂಟರ್ ಎಲ್ಲಿಗೆ ಕೈ ಚಾಚಬಲ್ಲದೋ ಅಲ್ಲಿಗೆಲ್ಲ ಅದೂ ಚಾಚಬಲ್ಲದು.

ಡಿ ಡ್ರೈವ್ ಬ್ಯಾಕಪ್ ಅಲ್ಲ

ನಮ್ಮ ಕಡೆ ಕಂಪ್ಯೂಟರ್ ಇರುವವರನ್ನು 'ಬ್ಯಾಕಪ್ ಇದೆಯೇ' ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: 'ಎಲ್ಲ ಡಿ ಡ್ರೈವ್‌ನಲ್ಲಿ ಹಾಕಿಟ್ಟಿದ್ದೇನೆ.' ಈ ನಂಬಿಕೆ ಹುಟ್ಟಿದ್ದಕ್ಕೆ ಕಾರಣವಿದೆ. ಅಂಗಡಿಯವರು ಒಂದೇ ಹಾರ್ಡ್ ಡಿಸ್ಕನ್ನು ಸಿ ಮತ್ತು ಡಿ ಎಂದು ಎರಡು ಪಾಲು ಮಾಡಿಕೊಡುತ್ತಾರೆ. ವಿಂಡೋಸ್ ಕೆಟ್ಟಾಗ ಸಿ ಪಾಲನ್ನಷ್ಟೇ ಫಾರ್ಮ್ಯಾಟ್ ಮಾಡುತ್ತಾರೆ. ಡಿ ಪಾಲಿನಲ್ಲಿದ್ದದ್ದು ಹಾಗೆಯೇ ಉಳಿಯುತ್ತದೆ. ನಾಲ್ಕಾರು ಬಾರಿ ಹೀಗೆ ಉಳಿದದ್ದನ್ನು ಕಂಡವರಿಗೆ ಡಿ ಎಂದರೆ ತಿಜೋರಿ ಎನ್ನಿಸುವುದು ಸಹಜ.

ಆದರೆ ಅವೆರಡೂ ಒಂದೇ ಡಿಸ್ಕಿನ ಮೇಲೆ ಎಳೆದ ಗೆರೆಯ ಆಚೆ ಈಚೆ. ಡಿಸ್ಕ್ ಕೆಟ್ಟರೆ ಎರಡೂ ಹೋದವು, ಕಂಪ್ಯೂಟರ್ ಕಳುವಾದರೆ ಎರಡೂ ಹೋದವು, ರ‍್ಯಾನ್ಸಮ್‌ವೇರ್ ಬಂದರೆ ಎರಡಕ್ಕೂ ಬೀಗ. ಬ್ಯಾಕಪ್ ಎನ್ನಿಸಿಕೊಳ್ಳಲು ಎರಡು ಗುಣ ಬೇಕು: ಪ್ರತಿ ಬೇರೆ ಸಾಧನದ ಮೇಲಿರಬೇಕು, ಆ ಸಾಧನ ಬಳಸದ ಹೊತ್ತಿನಲ್ಲಿ ಕಂಪ್ಯೂಟರಿನಿಂದ ಕಳಚಿರಬೇಕು. ಮೊದಲನೆಯದನ್ನು ಹಲವರು ಪಾಲಿಸುತ್ತಾರೆ. ಹಾರ್ಡ್ ಡಿಸ್ಕ್ ತಂದು ಕಂಪ್ಯೂಟರಿನ ಹಿಂದೆ ಚುಚ್ಚಿ ವರ್ಷಗಟ್ಟಲೆ ಅಲ್ಲೇ ಬಿಡುತ್ತಾರೆ. ಡಿಸ್ಕ್ ಕೆಡುವ ಅಪಾಯಕ್ಕೆ ಅದು ಸಾಕು, ಸೈಬರ್ ದಾಳಿಗೆ ಸಾಲದು.

ಹಗೇವು ಕಂಡವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಬಯಲುಸೀಮೆಯ ನಮ್ಮ ಹಿರಿಯರು ದಿನದ ಬಳಕೆಯ ರಾಗಿಯನ್ನು ಮನೆಯೊಳಗಿನ ವಾಡೆಯಲ್ಲಿಟ್ಟು, ಬರಗಾಲಕ್ಕೆಂದು ಕೂಡಿಟ್ಟದ್ದನ್ನು ನೆಲದಡಿಯ ಹಗೇವಿಗೆ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮನೆಗೆ ನುಗ್ಗಿದ ಇಲಿಗೂ ಕಳ್ಳನಿಗೂ ವಾಡೆ ಸಿಗುತ್ತಿತ್ತೇ ಹೊರತು ಹಗೇವು ಸಿಗುತ್ತಿರಲಿಲ್ಲ. ಕಂಪ್ಯೂಟರಿನೊಳಗಿನ ಕಡತಗಳು ವಾಡೆಯ ರಾಗಿ; ಡಿ ಡ್ರೈವ್ ಅದೇ ಮನೆಯ ಇನ್ನೊಂದು ವಾಡೆ. ಕಳಚಿ ಬೀರುವಿನಲ್ಲಿಟ್ಟ ಡಿಸ್ಕ್ ಮಾತ್ರ ಹಗೇವು.

ಗೂಗಲ್ ಡ್ರೈವ್‌ನಲ್ಲಿದೆಯಲ್ಲ?

ಅರ್ಧ ಸರಿ. ಗೂಗಲ್ ಡ್ರೈವ್, ಒನ್‌ಡ್ರೈವ್ ಮುಂತಾದವು ನಿಮ್ಮ ಕಂಪ್ಯೂಟರಿನ ಫೋಲ್ಡರನ್ನು 'ಕ್ಲೌಡ್' ಎಂಬ ಅಂತರ್ಜಾಲದ ಮೇಲಿನ ಸಂಗ್ರಹದೊಂದಿಗೆ ಸದಾ ಒಂದೇ ಸಮನಾಗಿ ಇಡುತ್ತವೆ. ಇದು ಸಿಂಕ್. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ಕಲಸಿದ್ದು ಅಲ್ಲೂ ಕಲಸುತ್ತದೆ. ದಾಳಿಯಾದ ಕೆಲವೇ ನಿಮಿಷಗಳಲ್ಲಿ ಬೀಗ ಬಿದ್ದ ಕಡತಗಳು ನಿಷ್ಠೆಯಿಂದ ಮೇಲಕ್ಕೇರಿ ಒಳ್ಳೆಯವುಗಳ ಜಾಗದಲ್ಲಿ ಕೂರುತ್ತವೆ.

ಅದೃಷ್ಟಕ್ಕೆ ಈ ಸೇವೆಗಳು ಹಳೆಯ ಆವೃತ್ತಿಗಳನ್ನು ಕೆಲವು ಕಾಲ ಉಳಿಸಿಕೊಂಡಿರುತ್ತವೆ. ಗೂಗಲ್ ಡ್ರೈವ್ ಬದಲಾದ ಕಡತದ ಹಿಂದಿನ ರೂಪಗಳನ್ನು ಸಾಮಾನ್ಯವಾಗಿ 30 ದಿನ ಇಟ್ಟುಕೊಳ್ಳುತ್ತದೆ. ಅಳಿಸಿದ್ದು ಕಸದ ಬುಟ್ಟಿಯಲ್ಲೂ 30 ದಿನ ಇರುತ್ತದೆ. ಮೈಕ್ರೋಸಾಫ್ಟ್ 365ಕ್ಕೆ ಚಂದಾ ಕಟ್ಟುವವರು ಇಡೀ ಒನ್‌ಡ್ರೈವನ್ನು ಹಿಂದಿನ 30 ದಿನಗಳ ಯಾವುದಾದರೊಂದು ಸ್ಥಿತಿಗೆ ಒಂದೇ ಏಟಿಗೆ ಮರಳಿಸಬಹುದು. ಉಚಿತ ಜಾಗ ಗೂಗಲ್‌ನಲ್ಲಿ 15 ಜಿಬಿ, ಒನ್‌ಡ್ರೈವ್‌ನಲ್ಲಿ 5 ಜಿಬಿ. ಲೆಕ್ಕಪತ್ರಕ್ಕೆ ಇಷ್ಟು ಧಾರಾಳ. ಸ್ಟುಡಿಯೊದವರಿಗೆ ಒಂದು ಮದುವೆಗೂ ಸಾಲದು.

ಇನ್ನೊಂದು ತೊಡಕಿದೆ. 'ಸ್ಟಾಪ್' ಕುಲದ ರ‍್ಯಾನ್ಸಮ್‌ವೇರ್ ಎಷ್ಟೋ ಸಲ ಒಂಟಿಯಾಗಿ ಬರುವುದಿಲ್ಲ. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕದಿಯುವ ಸಂಗಾತಿಯನ್ನೂ ಕರೆತರುತ್ತದೆ. ಆ ಪಾಸ್‌ವರ್ಡುಗಳಲ್ಲಿ ನಿಮ್ಮ ಕ್ಲೌಡ್ ಖಾತೆಯದೂ ಇದ್ದರೆ ಮೇಲಿನ ಪ್ರತಿಯೂ ಪರರ ಪಾಲು. ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿಟ್ಟರೆ ಪಾಸ್‌ವರ್ಡ್ ಗೊತ್ತಿದ್ದವನೂ ಸುಲಭವಾಗಿ ಒಳಹೊಗಲಾರ. ಒಟ್ಟಿನಲ್ಲಿ ಕ್ಲೌಡ್ ಎರಡನೆಯ ರಕ್ಷಣೆಯಾಗಿ ಒಳ್ಳೆಯದು, ಏಕೈಕ ರಕ್ಷಣೆಯಾಗಿ ಅಲ್ಲ.

ಯಾವುದನ್ನು ಉಳಿಸಬೇಕು?

ಎಲ್ಲವನ್ನೂ ಉಳಿಸಹೊರಟವರು ಕೊನೆಗೆ ಯಾವುದನ್ನೂ ಉಳಿಸುವುದಿಲ್ಲ. ಮತ್ತೆ ಸಿಗುವುದು, ಮತ್ತೆ ಸಿಗದಿರುವುದು ಎಂದು ಮೊದಲು ಬೇರ್ಪಡಿಸಿಕೊಂಡರೆ ಕೆಲಸ ಹಗುರ.

ಪಹಣಿಯ ಮೂಲ ಮಾಹಿತಿ ಭೂಮಿ ವ್ಯವಸ್ಥೆಯಲ್ಲಿದೆ, ನೋಂದಣಿಯಾದ ಪತ್ರಗಳ ದಾಖಲೆ ಉಪನೋಂದಣಿ ಕಚೇರಿಯಲ್ಲಿದೆ, ಆಧಾರ್ ಮತ್ತು ಪ್ಯಾನ್ ಮತ್ತೆ ಪಡೆಯಬಹುದು, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ, ಸಲ್ಲಿಸಿದ ಜಿಎಸ್‌ಟಿ ವಿವರ ಪೋರ್ಟಲ್‌ನಲ್ಲಿದೆ. ಇವುಗಳ ಸ್ಕ್ಯಾನ್ ಪ್ರತಿ ಹೋದರೆ ಓಡಾಟ ತಪ್ಪದು, ಆದರೆ ನಷ್ಟ ಶಾಶ್ವತವಲ್ಲ. ವಿಂಡೋಸ್, ಆಟಗಳು, ಡೌನ್‌ಲೋಡ್ ಮಾಡಿದ ಸಿನಿಮಾಗಳು ಬ್ಯಾಕಪ್ಪಿಗೆ ಬೇಡವೇ ಬೇಡ.

ಮತ್ತೆ ಸಿಗದಿರುವುದು ನಿಮ್ಮ ಮನೆಯಲ್ಲೇ ಹುಟ್ಟಿದ್ದು. ಫೋಟೊ, ವಿಡಿಯೊ, ಅಜ್ಜಿಯ ಸೋಬಾನೆ ಪದಗಳ ಧ್ವನಿಮುದ್ರಣ, ಅಂಗಡಿಯ ಟ್ಯಾಲಿ ಲೆಕ್ಕ, ನೀವೇ ಟೈಪ್ ಮಾಡಿದ ಬರಹ. ಟ್ಯಾಲಿಯ ವಿಷಯದಲ್ಲಿ ಎಚ್ಚರ ಬೇಕು. ಅದರ ದತ್ತಾಂಶ ನೀವು ದಿನಾ ನೋಡುವ 'ಡಾಕ್ಯುಮೆಂಟ್ಸ್' ಫೋಲ್ಡರಿನಲ್ಲಿ ಇರುವುದಿಲ್ಲ, ಬೇರೆಡೆ ಬರೀ ಅಂಕಿಯ ಹೆಸರಿನ ಫೋಲ್ಡರಿನಲ್ಲಿ ಕೂತಿರುತ್ತದೆ. ಟ್ಯಾಲಿಯೊಳಗಿನ ಬ್ಯಾಕಪ್ ಆಯ್ಕೆಯನ್ನು ಬಳಸಿ, ಆಮೇಲೆ ಆ ಬ್ಯಾಕಪ್ ಕಡತವನ್ನು ಹೊರಗಿನ ಡಿಸ್ಕಿಗೆ ಹಾಕುವುದು ಸರಿಯಾದ ಕ್ರಮ. ಹಾಗೆಯೇ ಡೆಸ್ಕ್‌ಟಾಪ್. ಪರದೆಯ ಮೇಲೆ ಹರಡಿಕೊಂಡಿರುವುದೆಲ್ಲ ಸಾಮಾನ್ಯವಾಗಿ ಸಿ ಡ್ರೈವಿನ ಮೇಲೆಯೇ ಇರುತ್ತದೆ. 'ಡಾಕ್ಯುಮೆಂಟ್ಸ್' ಮಾತ್ರ ನಕಲು ಮಾಡಿ, ಡೆಸ್ಕ್‌ಟಾಪ್ ಮರೆತು, ಫಾರ್ಮ್ಯಾಟ್ ಆದಮೇಲೆ ತಲೆ ಮೇಲೆ ಕೈಹೊತ್ತವರು ಎಲ್ಲ ಊರಿನಲ್ಲೂ ಇದ್ದಾರೆ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಮಾತ್ರ ಸಂಬಂಧಿಸಿದ ಒಂದು ವಿಷಯವಿದೆ, ಇದನ್ನು ಹೇಳುವವರು ಕಡಿಮೆ. ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ 'ನುಡಿ' ಅಥವಾ 'ಬರಹ' ತಂತ್ರಾಂಶದ ಅಕ್ಷರಗಳಲ್ಲಿ ಮಾಡಿದ ಕಡತಕ್ಕೆ ಆ ಫಾಂಟ್ ಇದ್ದರೆ ಮಾತ್ರ ಬೆಲೆ. ಡಿಟಿಪಿ ಅಂಗಡಿಯವರು ಹತ್ತು ವರ್ಷದ ಕರಪತ್ರ, ಲಗ್ನಪತ್ರಿಕೆಗಳನ್ನು ಜತನವಾಗಿ ಉಳಿಸಿ, ಹೊಸ ಕಂಪ್ಯೂಟರಿನಲ್ಲಿ ತೆರೆದರೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಕಡತ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ಆದ್ದರಿಂದ ಬ್ಯಾಕಪ್ ಡಿಸ್ಕಿನಲ್ಲಿ ಫಾಂಟುಗಳನ್ನೂ ಅವುಗಳ ಸ್ಥಾಪನಾ ಕಡತವನ್ನೂ ಒಂದು ಫೋಲ್ಡರಿನಲ್ಲಿ ಇಡಬೇಕು. ತೀರಾ ಮುಖ್ಯವಾದ ಬರಹಗಳನ್ನು ಯೂನಿಕೋಡ್‌ಗೆ ಬದಲಿಸಿ ಇನ್ನೊಂದು ಪ್ರತಿ ಮಾಡಿದರೆ ಇನ್ನೂ ಒಳ್ಳೆಯದು.

ಮೂರು, ಎರಡು, ಒಂದು

ಬ್ಯಾಕಪ್ಪಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸೂತ್ರ ಇದು. ಇದನ್ನು ಜನಪ್ರಿಯಗೊಳಿಸಿದವರು ಕಂಪ್ಯೂಟರ್ ವಿಜ್ಞಾನಿಯಲ್ಲ, ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ. ಚಿತ್ರ ಕಳೆದುಕೊಳ್ಳುವ ಭಯ ಅವರ ವೃತ್ತಿಯವರಿಗೇ ಹೆಚ್ಚಲ್ಲವೇ? ಮುಖ್ಯ ಕಡತದ ಮೂರು ಪ್ರತಿ ಇರಬೇಕು, ಅವು ಎರಡು ಬಗೆಯ ಸಾಧನಗಳ ಮೇಲಿರಬೇಕು, ಒಂದು ಪ್ರತಿ ಮನೆಯಿಂದ ಆಚೆ ಇರಬೇಕು. ಕಂಪ್ಯೂಟರಿನಲ್ಲಿರುವುದು ಒಂದು, ಬೀರುವಿನ ಡಿಸ್ಕಿನದು ಎರಡು. ಮೂರನೆಯದು ಬೆಂಗಳೂರಿನಲ್ಲಿರುವ ತಮ್ಮನ ಮನೆಯಲ್ಲೋ ತವರಿನಲ್ಲೋ ಇಟ್ಟ ಇನ್ನೊಂದು ಡಿಸ್ಕ್, ಇಲ್ಲವೇ ಕ್ಲೌಡ್. ಬೆಂಕಿ, ಕಳ್ಳತನ, ಸಿಡಿಲು ಇವೆಲ್ಲ ಒಂದು ಮನೆಗೆ ಬರುತ್ತವೆ, ಎರಡು ಊರಿನ ಎರಡು ಮನೆಗೆ ಒಂದೇ ದಿನ ಬರುವುದು ಅಪರೂಪ.

ಯಾವ ಸಾಧನ? ಬೀರುವಿನಲ್ಲಿಡಲು ಸಾಮಾನ್ಯ ತಿರುಗುವ ಹಾರ್ಡ್ ಡಿಸ್ಕ್ ಸಾಕು, ಅಗ್ಗವೂ ಹೌದು. ಕೈಜಾರಿ ಬೀಳಿಸಬಾರದು ಅಷ್ಟೆ. ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್ಪಿನಲ್ಲಿ ಮಾಹಿತಿ ಇಡುವ ಸಾಧನ) ವೇಗವಾದದ್ದು, ಆದರೆ ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿಟ್ಟರೆ ಅದರೊಳಗಿನ ಮಾಹಿತಿ ನಿಧಾನಕ್ಕೆ ಮಾಸಬಹುದು. ಪೆನ್ ಡ್ರೈವ್ ಸಾಗಿಸಲು, ಸಂಗ್ರಹಿಸಲು ಅಲ್ಲ. ಒಮ್ಮೆ ಮಾತ್ರ ಬರೆಯಬಹುದಾದ ಡಿವಿಡಿಗೆ ಒಂದು ವಿಶೇಷ ಗುಣವಿದೆ: ಬರೆದು ಮುಗಿಸಿದ ಮೇಲೆ ಯಾವ ಕುತಂತ್ರಾಂಶವೂ ಅದನ್ನು ತಿದ್ದಲಾರದು. ಹಿಡಿಸುವುದು 4.7 ಜಿಬಿ ಮಾತ್ರ, ಹೊಸ ಲ್ಯಾಪ್‌ಟಾಪುಗಳಲ್ಲಿ ಅದರ ಡ್ರೈವೂ ಇಲ್ಲ. ಮನೆಯ ಆಯ್ದ ಚಿತ್ರಗಳಿಗೆ ಇಂದಿಗೂ ಪರವಾಗಿಲ್ಲ.

ಡಿಸ್ಕಿನ ಗಾತ್ರ ನಿಮ್ಮ ಮುಖ್ಯ ಕಡತಗಳ ಒಟ್ಟು ಗಾತ್ರದ ಎರಡು ಪಟ್ಟಾದರೂ ಇರಲಿ. ಹಳೆಯ ಪ್ರತಿಗಳನ್ನು ಉಳಿಸಿಕೊಳ್ಳಲು ಜಾಗ ಬೇಕು. ಹಳೆಯ ಎಫ್‌ಎಟಿ32 ವಿಧಾನದಲ್ಲಿ ಫಾರ್ಮ್ಯಾಟ್ ಆದ ಡಿಸ್ಕಿಗೆ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಮದುವೆಯ ವಿಡಿಯೊ ನಕಲಾಗದೆ ನಿಂತರೆ ಕಾರಣ ಬಹುಶಃ ಇದೇ. ಎನ್‌ಟಿಎಫ್‌ಎಸ್ ಅಥವಾ ಎಕ್ಸ್‌ಫ್ಯಾಟ್‌ಗೆ ಬದಲಿಸಿದರೆ ಸರಿಹೋಗುತ್ತದೆ. ಫಾರ್ಮ್ಯಾಟ್ ಮಾಡಿದರೆ ಡಿಸ್ಕಿನಲ್ಲಿದ್ದದ್ದು ಅಳಿಯುತ್ತದೆ, ಆದ್ದರಿಂದ ಇದು ಹೊಸ ಡಿಸ್ಕ್ ತಂದ ದಿನವೇ ಮಾಡುವ ಕೆಲಸ.

ನಕಲು ಮಾಡುವ ದಿನದ ಕ್ರಮ ಹೀಗೆ. ಮೊದಲು ಕಂಪ್ಯೂಟರಿನಲ್ಲಿ ನಾಲ್ಕು ಫೋಟೊ, ಎರಡು ಕಡತ ತೆರೆದು ನೋಡಿ, ಸರಿಯಾಗಿ ತೆರೆಯುತ್ತಿವೆಯೇ ಎಂದು. ಬೀಗ ಬಿದ್ದ ಕಡತಗಳನ್ನೇ ಬ್ಯಾಕಪ್ ಮಾಡಿಕೊಂಡವರಿದ್ದಾರೆ. ಆ್ಯಂಟಿವೈರಸ್ ಓಡಿಸಿ. ವೈಫೈ ಆರಿಸಿ. ಆಮೇಲೆ ಡಿಸ್ಕ್ ಚುಚ್ಚಿ, ಅಂದಿನ ದಿನಾಂಕದ ಹೆಸರಿನ ಹೊಸ ಫೋಲ್ಡರ್ ಮಾಡಿ ಅದರೊಳಗೆ ನಕಲಿಸಿ. ಹಳೆಯ ಫೋಲ್ಡರಿನ ಮೇಲೆಯೇ ಬರೆಯಬೇಡಿ. ಕಳೆದ ತಿಂಗಳೇ ಕೆಟ್ಟ ಕಡತ ಈ ತಿಂಗಳು ಗೊತ್ತಾದರೆ ಅದರ ಹಿಂದಿನ ಪ್ರತಿಯೇ ಗತಿ. ಜಾಗ ತುಂಬಿದಾಗ ಎಲ್ಲಕ್ಕಿಂತ ಹಳೆಯದನ್ನು ಅಳಿಸಿದರಾಯಿತು. ಮುಗಿದ ಕೂಡಲೇ ಡಿಸ್ಕನ್ನು 'ಇಜೆಕ್ಟ್' ಮಾಡಿ, ತಂತಿ ಕಳಚಿ, ಒಳಗಿಡಿ. ಟೀ ಕುಡಿದು ಬಂದು ಕಳಚೋಣ ಎಂದರೆ ಅದು ಮುಂದಿನ ಯುಗಾದಿಯವರೆಗೆ ಅಲ್ಲೇ ಇರುತ್ತದೆ.

ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದಿದ್ದರೆ ಕರೆಂಟ್ ಹೋಗಿಬರುವ ಹೊತ್ತಿನಲ್ಲಿ ಈ ಕೆಲಸ ಬೇಡ. ಬರೆಯುವ ನಡುವೆ ವಿದ್ಯುತ್ ಕಡಿದರೆ ಕಡತ ಮಾತ್ರವಲ್ಲ, ಡಿಸ್ಕಿನ ಇಡೀ ಸೂಚಿಯೇ ಕೆಡಬಹುದು. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಂತೂ ಡಿಸ್ಕ್ ಕಳಚಿರುವುದೇ ಕ್ಷೇಮ.

ಎಷ್ಟು ದಿನಕ್ಕೊಮ್ಮೆ ಎಂಬ ಪ್ರಶ್ನೆಗೆ ಉತ್ತರ ನಿಮ್ಮಲ್ಲೇ ಇದೆ: ಎಷ್ಟು ದಿನದ ಕೆಲಸ ಹೋದರೆ ತಡೆದುಕೊಳ್ಳಬಲ್ಲಿರಿ? ಫೋಟೊ ಮಾತ್ರ ಇರುವ ಮನೆಗೆ ತಿಂಗಳಿಗೊಮ್ಮೆ ಸಾಕು. ದಿನವೂ ಬಿಲ್ ಹಾಕುವ ಅಂಗಡಿಗೆ ದಿನದ ಕೊನೆಯ ಟ್ಯಾಲಿ ಬ್ಯಾಕಪ್ ಒಂದು ಪೆನ್ ಡ್ರೈವಿಗೆ, ವಾರಕ್ಕೊಮ್ಮೆ ಡಿಸ್ಕಿಗೆ. ಎರಡು ಡಿಸ್ಕ್ ಇದ್ದರೆ ಒಂದು ವಾರ ಇದು, ಒಂದು ವಾರ ಅದು ಎಂದು ಸರದಿಯಲ್ಲಿ ಬಳಸಬಹುದು. ಆಗ ಎಂಥ ಕೆಟ್ಟ ಗಳಿಗೆಯಲ್ಲೂ ಒಂದು ಡಿಸ್ಕ್ ಕಂಪ್ಯೂಟರಿನಿಂದ ದೂರವೇ ಇರುತ್ತದೆ.

ತೆರೆದು ನೋಡದ ಬ್ಯಾಕಪ್

ಬೀರುವಿನಲ್ಲಿ ಡಿಸ್ಕ್ ಇದೆ ಎಂಬುದಕ್ಕೂ ಅದರಲ್ಲಿ ಕಡತಗಳು ಸರಿಯಾಗಿವೆ ಎಂಬುದಕ್ಕೂ ಬಹಳ ಅಂತರ. ನಕಲು ಅರ್ಧಕ್ಕೆ ನಿಂತಿರಬಹುದು, ಡಿಸ್ಕಿನ ಕೆಲವು ಭಾಗ ಸವೆದಿರಬಹುದು, ಬೇಕಾದ ಫೋಲ್ಡರೇ ಬಿಟ್ಟುಹೋಗಿರಬಹುದು. ಕೆಲವು ತಿಂಗಳಿಗೊಮ್ಮೆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ, ಅದೂ ಚೊಕ್ಕಟವಾಗಿದೆ ಎಂದು ನಂಬಿಕೆ ಇರುವುದಕ್ಕೆ ಹಾಕಿ ನೋಡಬೇಕು. ಫೋಟೊದ ಚಿಕ್ಕ ಗುರುತು ಕಂಡರೆ ಸಾಲದು, ಪೂರ್ತಿ ತೆರೆಯಬೇಕು. ವಿಡಿಯೊವನ್ನು ನಡುವಿನಿಂದ, ಕೊನೆಯಿಂದ ಓಡಿಸಬೇಕು. ಟ್ಯಾಲಿ ಬ್ಯಾಕಪ್ಪನ್ನು ಒಂದು ಖಾಲಿ ಫೋಲ್ಡರಿಗೆ ಮರಳಿಸಿ, ಕೊನೆಯ ಬಿಲ್ ಸಂಖ್ಯೆ ಸರಿಯಿದೆಯೇ ನೋಡಬೇಕು. ಈಗ ಚಾಲ್ತಿಯಲ್ಲಿರುವ ಲೆಕ್ಕದ ಮೇಲೆಯೇ ಮರಳಿಸಿದರೆ ಇಂದಿನ ಲೆಕ್ಕ ಹೋಗಿ ಹಳೆಯದು ಕೂರುತ್ತದೆ, ಜೋಕೆ.

ದಾಳಿಗೆ ಮುನ್ನ ಎರಡು ಬದಲಾವಣೆ

ವಿಂಡೋಸ್ ಸೆಕ್ಯುರಿಟಿಯೊಳಗೆ 'ರ‍್ಯಾನ್ಸಮ್‌ವೇರ್ ಪ್ರೊಟೆಕ್ಷನ್' ಎಂಬ ಪುಟವಿದೆ. ಅಲ್ಲಿನ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಸಾಮಾನ್ಯವಾಗಿ ಆರಿರುತ್ತದೆ. ಅದನ್ನು ಹಾಕಿದರೆ ಗುರುತಿಲ್ಲದ ಪ್ರೋಗ್ರಾಂಗಳು ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರುಗಳಲ್ಲಿ ಬರೆಯದಂತೆ ತಡೆಯುತ್ತದೆ. ಅಪರೂಪದ ತಂತ್ರಾಂಶಗಳನ್ನೂ ಕೆಲವೊಮ್ಮೆ ಅನುಮಾನಿಸಿ ತಡೆಯಬಹುದು. ಆಗ ಅಲ್ಲೇ ಆ ಪ್ರೋಗ್ರಾಂಗೆ ಅನುಮತಿ ಕೊಟ್ಟರಾಯಿತು. ಇನ್ನೊಂದು, ಫೈಲ್ ಎಕ್ಸ್‌ಪ್ಲೋರರಿನ 'ವ್ಯೂ' ಆಯ್ಕೆಯಲ್ಲಿ ಕಡತಗಳ ಪೂರ್ಣ ಹೆಸರು ಕಾಣುವಂತೆ ಮಾಡಿಕೊಳ್ಳುವುದು. 'ಬಿಲ್.ಪಿಡಿಎಫ್.ಇಎಕ್ಸ್ಇ' ಆಗ ತನ್ನ ನಿಜರೂಪದಲ್ಲಿ ಕಾಣಿಸುತ್ತದೆ.

ಬೀಗ ಬಿದ್ದೇ ಬಿಟ್ಟರೆ

ಮೊದಲು ಇಂಟರ್‌ನೆಟ್ ತಂತಿ ಕೀಳಿ ಅಥವಾ ವೈಫೈ ಆರಿಸಿ. ಚುಚ್ಚಿರುವ ಡಿಸ್ಕ್, ಪೆನ್ ಡ್ರೈವ್ ಎಲ್ಲವನ್ನೂ ಕಳಚಿ. ಆಮೇಲೆ ಬೀರುವಿನ ಡಿಸ್ಕ್ ನೆನಪಾಗುತ್ತದೆ, ಕೈ ಅತ್ತ ಹೋಗುತ್ತದೆ. ನಿಲ್ಲಿಸಿ. ಸೋಂಕಿರುವ ಕಂಪ್ಯೂಟರಿಗೆ ಬ್ಯಾಕಪ್ ಡಿಸ್ಕ್ ಚುಚ್ಚಿದರೆ ಕಾದಿಟ್ಟ ಕೊನೆಯ ಪ್ರತಿಗೂ ಬೀಗ ಬೀಳುತ್ತದೆ. ವರ್ಷಗಳ ಶಿಸ್ತು ಆ ಒಂದು ಕ್ಷಣದಲ್ಲಿ ಮಣ್ಣುಪಾಲಾಗುವುದು ಹೀಗೆಯೇ.

ಬೆದರಿಕೆ ಪತ್ರದ ಫೋಟೊವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ದೂರು ಕೊಡಲು ರಾಷ್ಟ್ರೀಯ ಸಹಾಯವಾಣಿ 1930 ಇದೆ, 'ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್' ಜಾಲತಾಣವಿದೆ, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಜಿಲ್ಲೆಗಳಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳಿವೆ. ಹಣ ಕೊಟ್ಟರೆ ಕೀಲಿ ಸಿಗುತ್ತದೆ ಎಂಬುದಕ್ಕೆ ದಾಳಿಕೋರನ ಮಾತಿನ ಹೊರತು ಬೇರೆ ಖಾತ್ರಿ ಇಲ್ಲ.

ಬ್ಯಾಕಪ್ ಇಲ್ಲದವರು ಬೀಗ ಬಿದ್ದ ಕಡತಗಳನ್ನು ಸಿಟ್ಟಿನಲ್ಲಿ ಅಳಿಸಬಾರದು. ಅವನ್ನೂ ಬೆದರಿಕೆ ಪತ್ರವನ್ನೂ ಬೇರೊಂದು ಖಾಲಿ ಡಿಸ್ಕಿಗೆ ಹಾಕಿ ಇಟ್ಟುಕೊಳ್ಳಬೇಕು. ಡಚ್ ಪೊಲೀಸರು, ಯುರೋಪ್ ಒಕ್ಕೂಟದ ಪೊಲೀಸ್ ಸಂಸ್ಥೆಯಾದ ಯೂರೋಪೋಲ್ ಮತ್ತು ಎರಡು ಭದ್ರತಾ ಕಂಪನಿಗಳು 2016ರ ಜುಲೈನಲ್ಲಿ ಆರಂಭಿಸಿದ 'ನೋ ಮೋರ್ ರ‍್ಯಾನ್ಸಮ್' ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿಗಳಿವೆ. ಅದೇ ವರ್ಷ 'ಟೆಸ್ಲಾಕ್ರಿಪ್ಟ್' ಎಂಬುದರ ದಾಳಿಕೋರರು ತಮ್ಮ ಅಂಗಡಿ ಮುಚ್ಚುವಾಗ ಮೂಲ ಕೀಲಿಯನ್ನೇ ಬಹಿರಂಗಪಡಿಸಿದ್ದರು. ಇಂದು ತೆರೆಯದ್ದು ಮುಂದೆಂದಾದರೂ ತೆರೆಯಬಹುದು. ಆಸೆ ದೊಡ್ಡದಾಗಿ ಇಟ್ಟುಕೊಳ್ಳುವಂತಿಲ್ಲ, ಆದರೆ ಅಳಿಸಿದರೆ ಅದೂ ಇಲ್ಲ.

ಬ್ಯಾಕಪ್ ಇರುವವರು ಕಂಪ್ಯೂಟರನ್ನು ಅಂಗಡಿಗೆ ಒಯ್ದಾಗ ಸ್ಪಷ್ಟವಾಗಿ ಹೇಳಬೇಕಾದ ಮಾತು: ಸಿ ಡ್ರೈವ್ ಮಾತ್ರವಲ್ಲ, ಡಿಸ್ಕಿನ ಎಲ್ಲ ಪಾಲುಗಳನ್ನೂ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿ. ಡಿ ಡ್ರೈವಿನಲ್ಲಿ ಅಡಗಿದ ಕ್ರ್ಯಾಕ್ ಕಡತ ಉಳಿದರೆ ಅದನ್ನು ಮತ್ತೊಮ್ಮೆ ಒತ್ತಿದ ದಿನ ಕತೆ ಮೊದಲಿನಿಂದ ಶುರು. ಹೊಸ ವಿಂಡೋಸಿಗೆ ಅಪ್‌ಡೇಟ್‌ಗಳೆಲ್ಲ ಬಂದು, ಆ್ಯಂಟಿವೈರಸ್ ಎದ್ದು ನಿಂತ ಮೇಲೆಯೇ ಬ್ಯಾಕಪ್ ಡಿಸ್ಕ್ ಚುಚ್ಚಬೇಕು. ಇಮೇಲ್, ಬ್ಯಾಂಕ್ ಪಾಸ್‌ವರ್ಡುಗಳನ್ನು ಅದಕ್ಕೂ ಮೊದಲೇ ಬೇರೆ ಸಾಧನದಿಂದ ಬದಲಿಸಿರಬೇಕು.

ಮತ್ತೊಂದು ಮಾತನ್ನೂ ಅಂಗಡಿಯವರಿಗೆ ಹೇಳಬಹುದು: ಆ್ಯಕ್ಟಿವೇಟರ್ ಹಾಕಬೇಡಿ. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪುಗಳಲ್ಲಿ, ವಿಂಡೋಸ್ 8ರ ಕಾಲದಿಂದ ಈಚೆಗೆ, ಪರವಾನಗಿಯ ಸಂಖ್ಯೆ ಮದರ್‌ಬೋರ್ಡಿನೊಳಗೇ ಬರೆದಿರುತ್ತದೆ. ಅದೇ ಬಗೆಯ ವಿಂಡೋಸ್ ಮತ್ತೆ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನಾಗಿ ಅಧಿಕೃತವಾಗುತ್ತದೆ. ಕದ್ದ ಕೀಲಿ ಬೇಕಾಗುವುದೇ ಇಲ್ಲ. ಆಫೀಸ್ ಬೇಕೆಂದರೆ ಲಿಬ್ರೆಆಫೀಸ್ ಇದೆ. ಉಚಿತ, ಕನ್ನಡದಲ್ಲೂ ಬಳಸಬಹುದು.